ಒಮ್ಮೆ ಟ್ರಿಗರ್ ಒತ್ತಿದರೆ ಎರಡು ಗುಂಡು ಹಾರುವುದೇಕೆ?
25 ಮೀಟರ್ ಸ್ಪರ್ಧೆಯ ಪಾಯಿಂಟ್ 22 ಪಿಸ್ತೂಲಿನಲ್ಲಿ ಹೀಗಾಯಿತು ಅಂದಿದ್ದೀರಿ. ದಯವಿಟ್ಟು ಇನ್ನೊಂದು ಗುಂಡೂ ಹಾರಿಸಬೇಡಿ. ನಳಿಕೆ ಗುರಿಯ ಕಡೆಗೇ ಇರಲಿ. ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ. ರೇಂಜ್ ಆಫೀಸರ್‌ಗೆ ತಿಳಿಸಿ.

ನನಗೆ ಜಾಸ್ತಿ ಅನುಮಾನ ಸಿಯರ್ ಮೇಲೆ. ಗುಂಡು ಸಿಡಿಸಲು ಬಡಿಯುವ ಹ್ಯಾಮರನ್ನು ಹಿಡಿದಿಡುವ ಆ ಪುಟ್ಟ ಅಂಚು ಸವೆದಿದ್ದರೆ, ಸ್ಲೈಡ್ (ಪ್ರತಿ ಗುಂಡಿಗೂ ಹಿಂದೆ ಮುಂದೆ ಸರಿಯುವ ಭಾಗ) ಮುಂದೆ ಬಂದು ಬಡಿದ ಪೆಟ್ಟಿಗೇ ಹ್ಯಾಮರ್ ಜಾರಿ ಎರಡನೇ ಗುಂಡೂ ಹಾರಿಬಿಡುತ್ತದೆ. ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುವಂತೆ ನೋಡಿಕೊಳ್ಳುವ ಡಿಸ್‌ಕನೆಕ್ಟರ್ ಕೆಟ್ಟಿದ್ದರೂ, ಒಳಗೆ ಮಸಿ ಗಟ್ಟಿಯಾಗಿದ್ದರೂ ಹೀಗಾಗಬಹುದು. ಟ್ರಿಗರ್ ಹಗುರ ಮಾಡಿಸಿದ್ದಿರಾ? ಈ ಸ್ಪರ್ಧೆಗೆ ಟ್ರಿಗರ್ ಒತ್ತಲು ಬೇಕಾದ ಭಾರ ಕನಿಷ್ಠ 1000 ಗ್ರಾಂ ಇರಲೇಬೇಕು.

ಖಾಲಿ ಪಿಸ್ತೂಲಿಗೆ ಡಮ್ಮಿ ಗುಂಡು ಹಾಕಿ, ಟ್ರಿಗರ್ ಒತ್ತಿ ಹಿಡಿದೇ ಸ್ಲೈಡ್ ಎಳೆದು ಬಿಡಿ. ಆಮೇಲೆ ಟ್ರಿಗರ್ ಬಿಟ್ಟು ಮತ್ತೆ ಒತ್ತಿದಾಗ 'ಟಕ್' ಅನ್ನಬೇಕು. ಅನ್ನದಿದ್ದರೆ ಹ್ಯಾಮರ್ ಮೊದಲೇ ಬಿದ್ದಿರಬಹುದು. ಸರಿಯಾಗಿ ಕೇಳಿಸಿದರೂ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ನೋಡುವವರೆಗೆ ಬಳಸಬೇಡಿ. ಸಿಯರ್‌ನ ಅಂಚನ್ನು ನೀವೇ ಉಜ್ಜೋಕೆ ಹೋಗಬೇಡಿ.