ಗಂಡಸಿಗೆ ವಯಸ್ಸಿನ ಲೆಕ್ಕ ಇಲ್ಲವೇ?

ಪ್ರಶ್ನೆ: ನನಗೆ 36, ನಮ್ಮನೆಯವರಿಗೆ 44. ಮದುವೆಯಾಗಿ ಎರಡು ವರ್ಷ. ಮೂಡಿಗೆರೆ ಹತ್ತಿರ ಕಾಫಿ ತೋಟ. ನನ್ನ ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಆದರೂ ಗರ್ಭ ನಿಂತಿಲ್ಲ. ‘ಗಂಡಸಿಗೆ ಯಾವ ವಯಸ್ಸು, ನೀನೇ ತೋರಿಸಿಕೋ’ ಅಂತಾರೆ ಅತ್ತೆ. ವಯಸ್ಸಾದಂತೆ ಒಳಗೆ ಏನಾಗುತ್ತದೆ ಡಾಕ್ಟರೇ?
– ಓದುಗರು, ಮೂಡಿಗೆರೆ

ಉತ್ತರ: ಈ ಮಾತು ಹಾಸನದ ನನ್ನ ಕ್ಲಿನಿಕ್‌ನಲ್ಲೂ ಆಗಾಗ ಕಿವಿಗೆ ಬೀಳುತ್ತದೆ. ಸೊಸೆ ಫೈಲು ಹಿಡಿದು ಒಳಗೆ ಬರುತ್ತಾಳೆ, ಮಗ ಹೊರಗೆ ಜೀಪಿನಲ್ಲೇ ಕೂತಿರುತ್ತಾನೆ!

ಹೆಣ್ಣಿನ ಅಂಡಾಣುಗಳೆಲ್ಲ ಆಕೆ ಹುಟ್ಟುವ ಮೊದಲೇ ತಯಾರಾಗಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ 3–4 ಲಕ್ಷ. ಎಣಿಕೆಗಿಂತ ದೊಡ್ಡ ತೊಂದರೆ ಬೇರೆ ಇದೆ. ಅಂಡಾಣುವಿನ ವಿಭಜನೆ ಹುಟ್ಟುವ ಮೊದಲೇ ಶುರುವಾಗಿ ಅರ್ಧಕ್ಕೆ ನಿಂತಿರುತ್ತದೆ, ಮುಂದುವರಿಯುವುದು ಅಂಡಾಶಯದಿಂದ ಬಿಡುಗಡೆಯಾಗುವ ಸಮಯಕ್ಕೆ. ಅಂದರೆ ಈ ತಿಂಗಳ ನಿಮ್ಮ ಅಂಡಾಣು 36 ವರ್ಷ ಕಾದಿದೆ. ಅಷ್ಟೂ ಕಾಲ ಅದರ ಕ್ರೋಮೋಸೋಮ್‌ಗಳನ್ನು (ವಂಶವಾಹಿಗಳನ್ನು ಹೊತ್ತ ಎಳೆಗಳನ್ನು) ಒಟ್ಟಿಗೆ ಹಿಡಿದಿಡುವುದು ಕೊಹೆಸಿನ್ ಎಂಬ ಪ್ರೋಟೀನು. ಹಳೇ ಬಟ್ಟೆಯ ಹೊಲಿಗೆಯಂತೆ ಅದು ಸಡಿಲವಾಗುತ್ತದೆ. ಆಗ ಅಂಡಾಣುವಿನಲ್ಲಿ ಒಂದು ಕ್ರೋಮೋಸೋಮ್ ಜಾಸ್ತಿ ಉಳಿಯಬಹುದು, ಇಲ್ಲವೇ ಕಡಿಮೆಯಾಗಬಹುದು. ಅಂಥ ಗರ್ಭ ಹೆಚ್ಚಾಗಿ ನಿಲ್ಲುವುದೇ ಇಲ್ಲ, ನಿಂತರೂ ಮೊದಲ ಮೂರು ತಿಂಗಳಲ್ಲಿ ಹೋಗುತ್ತದೆ. ಒಂದು ಕ್ರೋಮೋಸೋಮ್ ಜಾಸ್ತಿಯಾಗಿ ಮಗುವಿನ ಬೆಳವಣಿಗೆ, ಕಲಿಕೆ ನಿಧಾನವಾಗುವ ಡೌನ್ ಸಿಂಡ್ರೋಮ್ ಸಾಧ್ಯತೆಯೂ ಏರುತ್ತದೆ: ತಾಯಿಗೆ 35 ಆದಾಗ ಸುಮಾರು 350ಕ್ಕೆ ಒಂದು, 40 ಆದಾಗ 100ಕ್ಕೆ ಒಂದು. ಇದ್ಯಾವುದೂ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ.

ಇನ್ನು ನಿಮ್ಮನೆಯವರದ್ದು. ವೀರ್ಯಾಣು ದಿನಾ ಹೊಸದಾಗಿ ಹುಟ್ಟುತ್ತದೆ, ನಿಜ. ಆದರೆ ಅದನ್ನು ಹುಟ್ಟಿಸುವ ಮೂಲಕೋಶ ಹಳೆಯದೇ ಅಲ್ವಾ? ಅದು ವರ್ಷಕ್ಕೆ ಸುಮಾರು 23 ಸಲ ವಿಭಜನೆಯಾಗುತ್ತದೆ, ಪ್ರತಿ ಸಲವೂ ಡಿಎನ್‌ಎ ನಕಲಾಗಬೇಕು. ತಪ್ಪುಗಳು ಸೇರುತ್ತಾ ಹೋಗುತ್ತವೆ. ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿನಲ್ಲಿ ಸರಾಸರಿ ಒಂದೆರಡು ಹೊಸ ಮಾರ್ಪಾಟು ಹೆಚ್ಚು. ಬಹುಪಾಲು ನಿರುಪದ್ರವಿ, ಸುಮ್ನೆ ಹೆದರಬೇಡಿ. ಆದರೆ 40 ದಾಟಿದ ಮೇಲೆ ವೀರ್ಯಾಣುವಿನ ಓಟ ತಗ್ಗುತ್ತದೆ, ಡಿಎನ್‌ಎ ತುಂಡಾಗಿರುವುದೂ ಜಾಸ್ತಿ.

ಹಾಗಾಗಿ ಮೊದಲು ಅವರ ವೀರ್ಯ ಪರೀಕ್ಷೆ ಮಾಡಿಸಿ. ಸೂಜಿ ಇಲ್ಲ, ನೋವಿಲ್ಲ. ಅದಕ್ಕೆ ಮುಂಚೆ ಕನಿಷ್ಠ ಎರಡು, ಹೆಚ್ಚೆಂದರೆ ಏಳು ದಿನ ಸಂಪರ್ಕ ಬೇಡ. ಸ್ಯಾಂಪಲ್ ಲ್ಯಾಬ್‌ನಲ್ಲೇ ಕೊಡಲಿ. ತೋಟದ ಮನೆಯಿಂದ ಡಬ್ಬಿಯಲ್ಲಿ ತರುವಷ್ಟರಲ್ಲಿ ಹೊತ್ತು ಮೀರುತ್ತದೆ. ಗುಟ್ಕಾ, ಸಿಗರೇಟು ಇದ್ದರೆ ಇಂದೇ ಬಿಡಲಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಫಲ ಕಾಣುವುದು ಆಮೇಲೆ. ನಿಮಗೆ ಗರ್ಭನಾಳದ ಪರೀಕ್ಷೆಯೂ ಆಗಲಿ. 35 ದಾಟಿದವರು ಆರು ತಿಂಗಳು ನೋಡಿ ಡಾಕ್ಟರ ಬಳಿ ಹೋಗಬೇಕು, ನಿಮ್ಮದು ಆಗಲೇ ಎರಡು ವರ್ಷ. ಕಾಫಿ ಕುಯ್ಲು ಮುಗಿಯಲಿ ಎಂದು ಮುಂದೂಡಬೇಡಿ.