ಪದಕದ ಅಂಚು ಓದಿ, ಆಮೇಲೆ ಬೆಲೆ ಕೇಳಿ

ಪ್ರಶ್ನೆ: ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರ್‌ನಲ್ಲಿ ಒಂದು ಬೆಳ್ಳಿ ಪದಕ ಕೊಂಡೆ. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಸವಾರ, 1914–1918 ಎಂಬ ವರ್ಷ. ಅಂಚಿನಲ್ಲಿ ಇಂಗ್ಲಿಷಿನಲ್ಲಿ ಒಂದು ನಂಬರ್, ‘ಎಸ್‌ಪಿಆರ್’, ಒಂದು ಹೆಸರು, ಕೊನೆಗೆ ‘2 ಕ್ಯೂ.ವಿ.ಓ. ಎಸ್ & ಎಂ’ ಎಂದಿದೆ. ಹೈಫಾ ಯುದ್ಧದ ವೀರನದ್ದು ಅಂತ ಮಾರಿದವರು ಹೇಳಿದರು. ನಿಜವೇ? ಇದನ್ನು ಧರಿಸಿದವರನ್ನು ಹುಡುಕುವುದು ಹೇಗೆ?
– ಓದುಗರು, ಹಲಸೂರು

ಉತ್ತರ: ಹೈಫಾ ಅಲ್ಲ. ಎಷ್ಟು ಸಲ ಬರೆದರೂ ಮಾರುವವರು ಈ ಕತೆ ಬಿಡುವುದಿಲ್ಲ, ಕೊಳ್ಳುವವರು ನಂಬುವುದನ್ನೂ ಬಿಡುವುದಿಲ್ಲ. ಹಿಂಬದಿಯ ಸವಾರ ಮೈಸೂರಿನವನಲ್ಲ, ಸಂತ ಜಾರ್ಜ್. ಇದು ಮೊದಲ ಮಹಾಯುದ್ಧದ ‘ಬ್ರಿಟಿಷ್ ವಾರ್ ಮೆಡಲ್’. ಅದೇ ಚಿತ್ರದ ಬೆಳ್ಳಿ ಪದಕಗಳನ್ನು ಸುಮಾರು 65 ಲಕ್ಷ ಹಂಚಿದ್ದಾರೆ. ಹೈಫಾಗೆ ಅಂತಲೇ ಬೇರೆ ಪದಕ ಬ್ರಿಟಿಷರು ಕೊಡಲಿಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನಲ್ಲಿರುವ ಆ ಊರಿಗೆ ನುಗ್ಗಿದ್ದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು, ಅಂದರೆ ಈಟಿ ಹಿಡಿದ ಕುದುರೆ ಸವಾರರು. ಮೈಸೂರಿನವರ ಸ್ಮಾರಕ ಜೆ.ಸಿ. ನಗರದಲ್ಲಿದೆ, ಹೋಗಿ ನೋಡಿ ಬನ್ನಿ.

ಅಂಚಿನ ‘ಎಸ್‌ಪಿಆರ್’ ಅಂದರೆ ಸ್ಯಾಪರ್. ನಿಮ್ಮ ಪದಕ ಅಂಥ ಒಬ್ಬನದ್ದು. ಸೇತುವೆ ಕಟ್ಟುವ, ಕಂದಕ ತೋಡುವ, ದಾರಿ ಮಾಡಿಕೊಡುವ ಸೈನಿಕ. ಕೊನೆಯ ಅಕ್ಷರಗಳು ದಳದ ಹೆಸರು: ಎರಡನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್. ಅದೇ ಮದ್ರಾಸ್ ಸ್ಯಾಪರ್ಸ್, ಅಂದರೆ ನಿಮ್ಮ ಹಲಸೂರು ಕೆರೆ ಪಕ್ಕದ ಈಗಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್). ಸುಳ್ಳು ಕತೆ ಬೇಕೇ ಇರಲಿಲ್ಲ, ಅಲ್ವಾ?

ಮೊದಲು ಅಂಚು ಅಸಲಿಯೇ ನೋಡಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಡ್ಡಳತೆ 36 ಮಿಲಿಮೀಟರ್ ಬರಬೇಕು. ಹಳೇ ಹೆಸರು ಉಜ್ಜಿ ಹೊಸದು ಹಾಕಿದ್ದರೆ ಅಳತೆ ಕಡಿಮೆ ಬರುತ್ತದೆ. ಈ ಪದಕದಲ್ಲಿ ಅಕ್ಷರಗಳು ಅಚ್ಚು ಒತ್ತಿದ ಹಾಗೆ ಇರಬೇಕು. ಕೈಯಲ್ಲಿ ಕೊರೆದ ಹಾಗಿದ್ದರೆ ಅನುಮಾನಪಡಿ.

ಬರೀ ನಂಬರ್ ಹಿಡಿದು ಹುಡುಕಬೇಡಿ. ಆಗ ಒಂದೊಂದು ದಳಕ್ಕೂ ಅದರದ್ದೇ ನಂಬರ್ ಸಾಲು ಇತ್ತು, ಹಾಗಾಗಿ ಒಂದೇ ನಂಬರ್ ಬೇರೆ ಬೇರೆ ದಳಗಳಲ್ಲಿ ಬರುತ್ತದೆ. ನಂಬರ್, ಹೆಸರು, ದಳ ಮೂರೂ ಹೊಂದಿದರೆ ಮಾತ್ರ ಆತ ನಿಮ್ಮ ಸೈನಿಕ.

ಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಹೆಸರು ಸಿಗಬಹುದು, ದುಡ್ಡು ಕೊಡಬೇಕಿಲ್ಲ. ಕೆಲವರ ತಂದೆಯ ಹೆಸರು, ಊರು ಕೂಡ ಅಲ್ಲಿದೆ. ಆದರೆ ಗುಮಾಸ್ತರು ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಾರೆ. ಮುನಿಸ್ವಾಮಿ ಅಂತಿದ್ದರೆ ನಾಲ್ಕೈದು ಸ್ಪೆಲಿಂಗ್ ಹಾಕಿ ನೋಡಿ. ಒಂದೇ ಸಲಕ್ಕೆ ‘ಸಿಗಲಿಲ್ಲ’ ಎಂದು ನನಗೆ ಬರೆಯಬೇಡಿ.

ಅಲ್ಲಿ ಇಲ್ಲದಿದ್ದರೆ ಆತ ಬಹುಶಃ ಬದುಕಿ ಮನೆಗೆ ಬಂದ. ಒಳ್ಳೆಯದೇ ಆಯಿತು. ಆದರೆ ಬದುಕಿ ಬಂದವರ ಜಾಡು ಹಿಡಿಯುವುದು ಹೆಚ್ಚು ಕಷ್ಟ. ಅಂಚಿನ ಸ್ಪಷ್ಟ ಫೋಟೊ ಇಟ್ಟು ಎಂಇಜಿ ಕೇಂದ್ರಕ್ಕೆ ಪತ್ರ ಬರೆಯಿರಿ. ಅದು ಸೇನೆಯ ಜಾಗ, ಸುಮ್ನೆ ಗೇಟಿಗೆ ಹೋಗಿ ನಿಲ್ಲಬೇಡಿ. ಉತ್ತರ ಬರುವವರೆಗೂ ಆತನ ಹೆಸರಿಗೆ ಯಾವ ಸಾಹಸವನ್ನೂ ಸೇರಿಸಬೇಡಿ. ಇದು ಸೇವೆಗೆ ಕೊಟ್ಟ ಪದಕ, ಶೌರ್ಯಕ್ಕಲ್ಲ. ಊರು ಬಿಟ್ಟು ಸಮುದ್ರ ದಾಟಿ ದುಡಿದವನಿಗೆ ಅಷ್ಟು ಗೌರವ ಸಾಕು, ಅದು ಸಣ್ಣದೇನಲ್ಲ.

ಪ್ರಶ್ನೆ: ನಮ್ಮ ಮುತ್ತಾತನ ಪದಕವೂ ಇದೇ, ಆದರೆ ಕಂಚಿನದು. ಅಂಗಡಿಯವರು ನಕಲಿ ಎಂದರು.

ಉತ್ತರ: ಆ ಅಂಗಡಿಗೆ ಮತ್ತೆ ಹೋಗಬೇಡಿ. ಕಂಚಿನಲ್ಲೂ ಸುಮಾರು 1,10,000 ಪದಕ ಕೊಟ್ಟಿದ್ದಾರೆ. ಹೆಚ್ಚಿನವು ಚೀನಾ, ಮಾಲ್ಟಾ, ಭಾರತದ ಲೇಬರ್ ಕೋರ್‌ನವರಿಗೆ, ಅಂದರೆ ಸೇನೆಯ ಕೂಲಿ ದಳದವರಿಗೆ. ಬೆಳ್ಳಿಯದಕ್ಕಿಂತ ಇದೇ ಅಪರೂಪ. ‘ಕಂಚು ತಾನೇ’ ಅಂತ ಯಾರೋ ಹೇಳಿದ್ದಕ್ಕೆ ಮನೆಯವರ ಹೆಸರಿರುವ ಪದಕವನ್ನು ಗುಜರಿಗೆ ಹಾಕಿದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಕಪ್ಪಾಗಿದೆ. ಹುಣಸೆಹಣ್ಣು ಹಚ್ಚಿ ತೊಳೆಯಬಹುದೇ?

ಉತ್ತರ: ಬೇಡ. ಬೂದಿಯೂ ಬೇಡ, ಬ್ರಾಸೊವೂ ಬೇಡ. ತಿಕ್ಕಿದಷ್ಟೂ ಹೆಸರು ಸವೆಯುತ್ತದೆ.

ಪ್ರಶ್ನೆ: ಆನ್‌ಲೈನಿನಲ್ಲಿ ವಿದೇಶದವರಿಗೆ ಮಾರಬಹುದೇ?

ಉತ್ತರ: ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಓದಿ.

ಪ್ರಶ್ನೆ: ಹಳೇ ಮಿಲಿಟರಿ ಬ್ಯಾಡ್ಜ್ ಅಕ್ಕಿ ಕಾಳನ್ನು ಎಳೆದರೆ ಕೋಟಿ ಬೆಲೆಯಂತೆ. ‘ಟೆಸ್ಟಿಂಗ್’ಗೆ ಮುಂಗಡ ಕೇಳುತ್ತಿದ್ದಾರೆ.

ಉತ್ತರ: ರೈಸ್ ಪುಲ್ಲರ್ ಅನ್ನುವುದು ಶುದ್ಧ ಮೋಸ. ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟಾಗಿದ್ದರೆ ಇವತ್ತೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.