ಮಲ್ಲಾರ್ಡ್ ಎಂಜಿನ್ ಬಿಟ್ಟರೆ ನೈಜೆಲ್ ಗ್ರೆಸ್ಲಿ ಬೇರೇನು ಮಾಡಿದ್ದಾರೆ?

ಬೇಕಾದಷ್ಟು ಮಾಡಿದ್ದಾರೆ. ನನ್ನನ್ನು ಕೇಳಿದರೆ ಮಲ್ಲಾರ್ಡ್ ಎಂಬ ಉಗಿ ಎಂಜಿನ್ನಿನ ದಾಖಲೆ ವೇಗಕ್ಕಿಂತ 1928ರಲ್ಲಿ ಬಂದ ಒಂದು ಟೆಂಡರ್ (ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ) ಜಾಸ್ತಿ ದೊಡ್ಡದು.

ಬ್ರಿಟನ್ನಿನ ರೈಲ್ವೆ ಎಂಜಿನಿಯರ್ ಗ್ರೆಸ್ಲಿ ಪಾದ್ರಿಯ ಮಗ, 1876ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದರು. ಇಂಗ್ಲೆಂಡಿನ ಕ್ರೂ ಎಂಬ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತರು. 1905ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಗೆ ಬಂದಾಗ ಅವರಿಗೆ ಸಿಕ್ಕಿದ್ದು ಬೋಗಿ ಮತ್ತು ವ್ಯಾಗನ್ ವಿಭಾಗ, ಎಂಜಿನ್ ಅಲ್ಲ. ಅಲ್ಲಿ ಎಂಜಿನ್‌ಗಳನ್ನು ನೋಡಿಕೊಳ್ಳುತ್ತಿದ್ದ ಐವಟ್ ನಿವೃತ್ತರಾದ ಮೇಲೆ, 1911ರಲ್ಲಿ, ಎಂಜಿನ್‌ಗಳೂ ಕೈಗೆ ಬಂದವು. 1923ರಿಂದ ಸಾಯುವವರೆಗೂ ಗ್ರೇಟ್ ನಾರ್ದರ್ನ್ ಸೇರಿಹೋದ ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ) ಕಂಪನಿಯ ಚೀಫ್ ಮೆಕ್ಯಾನಿಕಲ್ ಎಂಜಿನಿಯರ್.

ಈಗ ಆ ಟೆಂಡರ್ ವಿಷಯ. ಲಂಡನ್‌ನಿಂದ ಎಡಿನ್‌ಬರೋಗೆ ಸುಮಾರು 630 ಕಿ.ಮೀ. ಎಲ್ಲೂ ನಿಲ್ಲಿಸದೆ ಓಡಿಸಬೇಕು, ಎಂಟು ಗಂಟೆಗೂ ಮೇಲಿನ ದಾರಿ. ನೀರನ್ನು ಹಳಿಗಳ ನಡುವಿನ ತೊಟ್ಟಿಯಿಂದ ಓಡುತ್ತಲೇ ಎತ್ತಿಕೊಳ್ಳಬಹುದು. ಆದರೆ ಅಷ್ಟು ಹೊತ್ತು ಕಲ್ಲಿದ್ದಲು ಎಸೆಯೋ ಫೈರ್‌ಮನ್ ಗತಿ? ಗ್ರೆಸ್ಲಿ ಟೆಂಡರ್‌ನ ಒಂದು ಪಕ್ಕದಲ್ಲಿ 18 ಇಂಚು ಅಗಲ, 5 ಅಡಿ ಎತ್ತರದ ಓಣಿ ಬಿಟ್ಟರು. ಅರ್ಧ ದಾರಿಯಲ್ಲಿ ಬೋಗಿಯಲ್ಲಿ ಕೂತಿದ್ದ ಇನ್ನೊಂದು ಡ್ರೈವರ್-ಫೈರ್‌ಮನ್ ಜೋಡಿ ಅದರೊಳಗೆ ಬಗ್ಗಿಕೊಂಡು ಎಂಜಿನ್‌ಗೆ ಬರುತ್ತಿತ್ತು, ದಣಿದವರು ಹಿಂದೆ ಹೋಗಿ ಕೂರುತ್ತಿದ್ದರು. ಎಷ್ಟು ಸರಳ ಅಲ್ವಾ? ಬೋಗಿ ಕಟ್ಟಿ ಪಳಗಿದವರಿಗೇ ಇಂಥದ್ದು ಹೊಳೆಯೋದು ಅಂತ ನನಗನಿಸುತ್ತೆ.

ಇನ್ನೊಂದು ಗುಣ, ಕಲಿಯೋಕೆ ನಾಚಿಕೆ ಇರಲಿಲ್ಲ. 1925ರಲ್ಲಿ ಗ್ರೇಟ್ ವೆಸ್ಟರ್ನ್ ಎಂಬ ಇನ್ನೊಂದು ರೈಲ್ವೆ ಕಂಪನಿಯ ಕ್ಯಾಸಲ್ ಮಾದರಿಯ ಎಂಜಿನ್ ಜೊತೆ ಪರೀಕ್ಷೆಗೆ ಬಿಟ್ಟಾಗ ಗ್ರೆಸ್ಲಿಯ ಎಂಜಿನ್ ಹೆಚ್ಚು ಕಲ್ಲಿದ್ದಲು ತಿಂದಿತು. ಆಮೇಲೆ ಸಿಲಿಂಡರ್‌ಗೆ ಉಗಿ ಬಿಡುವ ವಾಲ್ವ್‌ಗಳ ಹಿಂದೆ-ಮುಂದೆ ಓಟ ಉದ್ದ ಮಾಡಿದರು, ಖರ್ಚು ಇಳಿಯಿತು.

ಕೊರತೆಯೂ ಇತ್ತು. ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಹೊರಗಿನ ಎರಡು ವಾಲ್ವ್‌ಗಳ ಚಲನೆಯನ್ನೇ ಲಿವರ್‌ಗಳಿಂದ ಕೂಡಿಸಿ ನಡುವಿನದನ್ನು ಆಡಿಸುತ್ತಿದ್ದರು. ಪಿನ್‌ಗಳು ಸವೆದರೆ ನಡುವಿನ ವಾಲ್ವ್ ಅಳತೆ ಮೀರಿ ಓಡುತ್ತೆ, ಆ ಸಿಲಿಂಡರ್ ಮೇಲೆ ಭಾರ ಜಾಸ್ತಿ, ಬೇರಿಂಗ್ ಬಿಸಿಯಾಗಿ ಕೆಡುತ್ತೆ. 1938ರ ಜುಲೈ 3ರಂದು ಮಲ್ಲಾರ್ಡ್ ಇಳಿಜಾರಿನಲ್ಲಿ ಗಂಟೆಗೆ 126 ಮೈಲಿ ಮುಟ್ಟಿದಾಗಲೂ ಕೆಟ್ಟಿದ್ದು ನಡುವಿನ ಬೇರಿಂಗೇ. ಪೀಟರ್‌ಬರೋದಿಂದ ರೈಲನ್ನು ಲಂಡನ್‌ಗೆ ಎಳೆದುಕೊಂಡು ಹೋಗಿದ್ದು ಐವಟ್ ಕಾಲದ ಹಳೇ ಎಂಜಿನ್!

1941ರಲ್ಲಿ ಗ್ರೆಸ್ಲಿ ತೀರಿಕೊಂಡರು. ಹಿಂದೆಯೇ ಅವರ ಹುದ್ದೆಗೆ ಬಂದ ಥಾಮ್ಸನ್ ಹೊಸ ಎಂಜಿನ್‌ಗಳಲ್ಲಿ ಆ ಲಿವರ್ ವ್ಯವಸ್ಥೆ ಕೈಬಿಟ್ಟರು. ಗ್ರೆಸ್ಲಿ ಅಭಿಮಾನಿಗಳು ಅದಕ್ಕೆ ಇವತ್ತಿಗೂ ಥಾಮ್ಸನ್‌ರನ್ನು ಬೈಯ್ತಾರೆ. ಸುಮ್ನೆ ಬೈಯೋದು. ಯುದ್ಧದ ಕಾಲ, ರಿಪೇರಿಗೆ ಜನ ಇಲ್ಲ, ಬೇರೆ ಏನು ಮಾಡಬೇಕಿತ್ತು?